ಕಾಲುವೆಗೆ ನೀರು ಬಿಡುವ ತಾರೀಖು

ನನ್ನದೊಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಈಚೆಗೆ ಅದು ನಮ್ಮ ಮನೆಯಲ್ಲಿ ಇರುವುದಕ್ಕಿಂತ ಊರವರ ಮನೆಯಲ್ಲಿ ಇರುವುದೇ ಹೆಚ್ಚು. ಹೋದ ತಿಂಗಳು ಕಂಪ್ಲಿಯ ರೈತರೊಬ್ಬರು ಒಯ್ದಿದ್ದರು. ಅವರಿನ್ನೂ ವಾಪಸ್ ತಂದಿರಲಿಲ್ಲ, ಅಷ್ಟರಲ್ಲಿ ಸಂಡೂರಿನಿಂದ ಫೋನು: "ಟೀಚರ್, ಮುಂದಿನ ಪಾಳಿ ನಮ್ದು ನೋಡ್ರಿ." ಮೊದಲ ಪುಟದ ಮೊದಲ ಸಾಲು: ಪಾಸ್‌ಪೋರ್ಟ್, 1,500. ಕೊನೆಯ ಪುಟದ ಕೊನೆಯ ಸಾಲು: ಕುಕ್ಕರಿನ ಗ್ಯಾಸ್ಕೆಟ್ ಎರಡು, 160. ಇವೆರಡರ ನಡುವೆ ಇರುವುದು ನಮ್ಮ ಮಗಳು ಹೊಸಪೇಟೆಯಿಂದ ಜರ್ಮನಿಯ ಕೆಮ್ನಿಟ್ಸ್ ಎಂಬ ಊರಿಗೆ ಎಂ.ಎಸ್ಸಿ. ಓದಲು ಹೋದ ಕಥೆ, ಪೂರಾ ರೂಪಾಯಿ ಲೆಕ್ಕದಲ್ಲಿ.

ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ನೋಟ್‌ಬುಕ್ ಕೇಳಿ ಬರುವವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳುವುದು ಒಂದೇ ಪ್ರಶ್ನೆ, "ಒಟ್ಟು ಎಷ್ಟಾಯ್ತು ಟೀಚರ್?" ನಾನು ಅವರಿಗೆ ಕಾಲುವೆಯ ಮಾತು ಹೇಳುತ್ತೇನೆ. ತುಂಗಭದ್ರಾ ಡ್ಯಾಮು ತುಂಬಿದರೆ ಸುಮಾರು 105 ಟಿಎಂಸಿ ನೀರು. ಆದರೆ ಕಂಪ್ಲಿಯಲ್ಲಿ ಗದ್ದೆ ಮಾಡುವ ನಮ್ಮಣ್ಣ ಮೊದಲು ವಿಚಾರಿಸುವುದು ಡ್ಯಾಮಿನಲ್ಲಿ ಎಷ್ಟಿದೆ ಅಂತಲ್ಲ, ಕೆಳಮಟ್ಟದ ಎಲ್‌ಎಲ್‌ಸಿ ಕಾಲುವೆಗೆ ಯಾವತ್ತು ಬಿಡುತ್ತಾರೆ ಅಂತ. ಸಸಿಮಡಿ ಒಣಗಿ ಹೋದ ಮೇಲೆ ಕಾಲುವೆ ತುಂಬಿ ಹರಿದರೆ ನೋಡಲಿಕ್ಕಷ್ಟೇ ಚೆಂದ. ವಿದೇಶದ ಓದಿನ ದುಡ್ಡೂ ಹಾಗೆಯೇ. ನಮ್ಮ ಕಡೆ ದುಡ್ಡಿಲ್ಲದೆ ನಿಂತ ಮಕ್ಕಳಿಗಿಂತ, ದುಡ್ಡಿದ್ದೂ ಅದು ಬೇಕಾದ ದಿನಕ್ಕೆ ಕೈಗೆ ಸಿಗದೆ ಒಂದು ವರ್ಷ ಕಳೆದುಕೊಂಡ ಮಕ್ಕಳನ್ನೇ ನಾನು ಹೆಚ್ಚು ಕಂಡಿದ್ದೇನೆ.

ಓದಲಿಕ್ಕೆ ಪರದೇಶಕ್ಕೆ ಹೋಗುವುದು ಎಂಬುದನ್ನು ನಾನು ಮೊದಲು ನೋಡಿದ್ದು ತಿರುವುಮುರುವಾಗಿ. ನಾನು ಹುಟ್ಟಿ ಬೆಳೆದದ್ದು ಕಮಲಾಪುರದಲ್ಲಿ. 1980ರ ದಶಕದಲ್ಲಿ ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ಎಂಬ ವಿದ್ವಾಂಸರು ಹಂಪಿಯಲ್ಲಿ ಬಿಡಾರ ಹೂಡಿ ವಿಜಯನಗರದ ಗೋಡೆ, ಬಾಗಿಲು, ಕಟ್ಟೆಗಳನ್ನೆಲ್ಲ ಅಳೆದು ನಕ್ಷೆ ಬರೆಯುತ್ತಿದ್ದರು. ಚಳಿಗಾಲ ಬಂತೆಂದರೆ ದೇಶದೇಶದ ಹುಡುಗ ಹುಡುಗಿಯರು ಅವರ ಜೊತೆ ಕೆಲಸಕ್ಕೆ ಬರುತ್ತಿದ್ದರು. ಮೊಣಕಾಲಿನ ತನಕ ಧೂಳು, ಕೈಯಲ್ಲಿ ಟೇಪು. ನಮ್ಮಪ್ಪನದು ಚಹಾದಂಗಡಿ. ಅವರನ್ನು ನೋಡಿ ಅಪ್ಪ ಗಿರಾಕಿಗಳಿಗೆ ಕೇಳುತ್ತಿದ್ದರು, "ಈ ಹುಡುಗ್ರು ಕಲ್ಲು ಅಳ್ಯಾಕ ಇಷ್ಟು ದೂರ ಬಂದಾರಲ್ಲ, ಇವರ ಖರ್ಚು ಯಾರು ಕೊಡ್ತಾರ?" ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಡೆಯಿಂದ ಹೊರಗೆ ಹೋಗಿ ಓದಿದವರೆಂದರೆ ನಮಗೆ ಗೊತ್ತಿದ್ದದ್ದು ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು. ಕೇಂಬ್ರಿಜ್‌ನಲ್ಲಿ ಓದಿ ಬಂದು ದೇವರಾಜ ಅರಸರ ಕಾಲದಲ್ಲಿ ರಾಜ್ಯದ ಹಣಕಾಸು ಮಂತ್ರಿಯಾದವರು. ಅರಮನೆಯವರು ಹೋಗುತ್ತಾರೆ, ಚಹಾದಂಗಡಿಯವರು ನೋಡುತ್ತಾರೆ, ಅಷ್ಟೇ ನಮ್ಮ ತಿಳಿವಳಿಕೆ. ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಸಿಗಲು ನನಗೆ ನಲವತ್ತು ವರ್ಷ ಬೇಕಾಯಿತು.

ಮಗಳು ಊರಿನಲ್ಲೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದು 2023ರಲ್ಲಿ. ತೋರಣಗಲ್ಲಿನ ಒಂದು ಕಂಪನಿಯಲ್ಲಿ ಟ್ರೈನಿ ಕೆಲಸ ಸಿಕ್ಕಿತ್ತು. ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ, "ಅಮ್ಮಾ, ಹೊರಗೆ ಎಂ.ಎಸ್ಸಿ. ಮಾಡ್ಲಾ?" ಎಂದಳು. ನಾನು ಏನಾದರೂ ಹೇಳುವ ಮೊದಲೇ ನಮ್ಮ ಮನೆಯವರು ತಟ್ಟೆಯಿಂದ ಕೈ ತೆಗೆದರು. "ಸಾಲ ಅಂದ್ರೆ ನನ್ನ ಕೇಳಬ್ಯಾಡ್ರಿ."

ಅವರ ಮಾತಿಗೆ ಕಾರಣವಿತ್ತು. ಅದಿರಿನ ಕಾಲದಲ್ಲಿ ನಮ್ಮವೂ ಎರಡು ಲಾರಿಗಳಿದ್ದವು, ಎರಡೂ ಸಾಲದವು. ಸಂಡೂರಿನ ಗುಡ್ಡಗಳಿಂದ ಹಗಲೂ ರಾತ್ರಿ ಓಡುತ್ತಿದ್ದವು. ಕಂತು ಕಟ್ಟಿ ಮೇಲೆ ಒಳ್ಳೆಯ ದುಡ್ಡು ಉಳಿಯುತ್ತಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗುಡ್ಡ ಕರಗಿದ್ದು ನೋಡಿದವರಿಗೆ ಆ ಆದೇಶ ಸರಿ ಎಂದು ಗೊತ್ತಿತ್ತು. ಆದರೆ ಕಂತಿನ ತಾರೀಖು ನಿಲ್ಲಲಿಲ್ಲ. ಒಂದೂವರೆ ವರ್ಷ ನಿಂತಲ್ಲೇ ನಿಂತ ಲಾರಿಗಳನ್ನು ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಮಾರಿದೆವು. ಸಾಲ ತೀರಿದ್ದು ನನ್ನ ಸಂಬಳದಲ್ಲಿ. ಈಗ ಅವರಿಗೆ ಬಿಡಿಭಾಗಗಳ ಸಣ್ಣ ಅಂಗಡಿ ಇದೆ, ಗಲ್ಲಾಪೆಟ್ಟಿಗೆ ಹಿಂದೆ ಕೂತು ಯಾರು ಸಾಲದ ಮಾತೆತ್ತಿದರೂ ಮುಖ ತಿರುಗಿಸುತ್ತಾರೆ.

ಆದ್ದರಿಂದ ನಾನು ಮಗಳಿಗೆ ಹೇಳಿದೆ, ದೇಶ ಆಮೇಲೆ ಆರಿಸು, ಮೊದಲು ಲೆಕ್ಕ ಬರಿ.

ಮೊದಲ ತಪ್ಪು ನಾವೂ ಮಾಡಿದೆವು. ಬೋರ್ಡ್ ನೋಡಿ ಒಂದು ಕನ್ಸಲ್ಟೆನ್ಸಿಗೆ ಹೋದೆವು. ಎಸಿ ರೂಮು, ಗೋಡೆ ತುಂಬ ಗಡಿಯಾರದ ಗೋಪುರದ ಚಿತ್ರ. ನಮ್ಮ ಮುಂದೆ ಕೂತ ಹುಡುಗ ಇಂಗ್ಲೆಂಡ್ ಬಿಟ್ಟು ಬೇರೆ ಹೆಸರೇ ಎತ್ತಲಿಲ್ಲ. ಒಂದೇ ವರ್ಷದ ಕೋರ್ಸು, ಬೇಗ ಮುಗಿಯುತ್ತೆ, ಬೇಗ ದುಡಿಮೆ. ಅಲ್ಲಿಗೆ ವೀಸಾ ಬೇಕೆಂದರೆ ಫೀಸು ಮತ್ತು ಊಟ-ವಸತಿಯ ಹಣ ಖಾತೆಯಲ್ಲಿ 28 ದಿನ ಎಡೆಬಿಡದೆ ಇರಬೇಕು. "ಅಷ್ಟು ನಮ್ಮ ಹತ್ತಿರ ಇಲ್ಲಪ್ಪ" ಎಂದೆ. ಅವನು ದನಿ ತಗ್ಗಿಸಿ, "ಅದಕ್ಕೆ ಜನ ಇದಾರೆ ಮೇಡಂ. ನಿಮ್ಮ ಅಕೌಂಟಿಗೆ ಹಾಕಿ ತಿಂಗಳು ಇಟ್ಟು ತಗೀತಾರೆ. ಬಡ್ಡಿ ಮಾತ್ರ ಕೊಟ್ಟರಾಯ್ತು" ಎಂದ. ಇದಕ್ಕೆ 'ಷೋ ಮನಿ' ಅಂತ ಹೆಸರಂತೆ. ನಾನು ಬ್ಯಾಗು ತಗೊಂಡು ಎದ್ದೆ. ಸಿಕ್ಕಿಬಿದ್ದರೆ ವೀಸಾ ಹೋಗುವುದಷ್ಟೇ ಅಲ್ಲ, ಮುಂದೆ ಆ ದೇಶದ ಬಾಗಿಲೇ ವರ್ಷಗಟ್ಟಲೆ ಮುಚ್ಚಬಹುದು. ಸಿಕ್ಕಿಬೀಳದಿದ್ದರೆ ಇನ್ನೂ ಕಷ್ಟ: ತೋರಿಸಿದ ದುಡ್ಡು ಮಾಲೀಕನ ಹತ್ತಿರ ವಾಪಸ್, ಮಗು ಮಾತ್ರ ಲಂಡನ್ನಿನ ಚಳಿಯಲ್ಲಿ.

ಅವನು ಇಂಗ್ಲೆಂಡ್ ಇಂಗ್ಲೆಂಡ್ ಎಂದು ಜಪ ಮಾಡಿದ್ದೇಕೆ ಎಂದು ಆಮೇಲೆ ತಿಳಿಯಿತು. ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆಯ ಬಹಳಷ್ಟು ವಿಶ್ವವಿದ್ಯಾಲಯಗಳು ವಿದ್ಯಾರ್ಥಿ ತಂದುಕೊಟ್ಟವರಿಗೆ ಕಮಿಷನ್ ಕೊಡುತ್ತವೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಬೋಧನಾ ಶುಲ್ಕವನ್ನೇ ತಗೊಳ್ಳುವುದಿಲ್ಲ, ಇನ್ನು ಕಮಿಷನ್ ಎಲ್ಲಿಂದ? ಹಾಗಂತ ಜರ್ಮನಿ ಪೂರಾ ಬಿಟ್ಟಿ ಅಂತಲೂ ತಿಳಿಯಬೇಡಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರಿಂದ ಸೆಮಿಸ್ಟರಿಗೆ 2,000ದಿಂದ 6,000 ಯೂರೋ ತಗೊಳ್ಳುತ್ತಿದೆ. ಊರು ಆರಿಸುವಾಗ ಇದನ್ನು ನೋಡಲೇಬೇಕು.

ಲೆಕ್ಕದ ಟೀಚರಿಗೆ ಇಷ್ಟವಾದ ಒಂದು ವಿಷಯ ಇಲ್ಲಿ ಹೇಳಿಬಿಡುತ್ತೇನೆ. ಜರ್ಮನ್ನರ ಅಂಕ ನಮ್ಮದಕ್ಕೆ ಉಲ್ಟಾ. 1 ಅಂದರೆ ಎಲ್ಲಕ್ಕಿಂತ ಮೇಲು, 4 ಅಂದರೆ ಪಾಸು. ನಮ್ಮ ಅಂಕವನ್ನು ಅವರದಕ್ಕೆ ಇಳಿಸಲು ಒಂದು ಸೂತ್ರವಿದೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠದಿಂದ ಪಾಸಿನ ಅಂಕ ಕಳೆದು ಬಂದದ್ದರಿಂದ ಅದನ್ನು ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಮಗಳದು 10ಕ್ಕೆ 8.2. ಪಾಸಿಗೆ 4 ಎಂದು ಹಿಡಿದರೆ 1.8 ಭಾಗಿಸು 6, ಗುಣಿಸು 3, ಕೂಡಿಸು 1. ಉತ್ತರ 1.9. ಅಡುಗೆಮನೆಯ ಕಟ್ಟೆ ಮೇಲೆ ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಂದೆ ಇದನ್ನು ಮಾಡಿ ತೋರಿಸಿದಾಗ ಅವಳ ಮುಖ ಅರಳಿತು. ಬಹಳ ಕೋರ್ಸುಗಳು 2.5ರ ಒಳಗೆ ಕೇಳುತ್ತವೆ. ಯಾವ ಕೋರ್ಸಿಗೆ ಅರ್ಜಿ ಹಾಕಬೇಕು, ಯಾವುದಕ್ಕೆ ದುಡ್ಡು ದಂಡ ಎಂಬುದು ಈ ಒಂದು ಲೆಕ್ಕದಿಂದ ಅರ್ಧ ತೀರ್ಮಾನವಾಗುತ್ತದೆ.

ಸಣ್ಣ ಖರ್ಚುಗಳು ನೋಟ್‌ಬುಕ್ಕಿನ ಮೊದಲ ಎರಡು ಪುಟ ತಿಂದವು. ಐಇಎಲ್‌ಟಿಎಸ್ ಪರೀಕ್ಷೆಗೆ ಹದಿನಾರು ಸಾವಿರದ ಮೇಲೆ. ಎಪಿಎಸ್ ಪ್ರಮಾಣಪತ್ರಕ್ಕೆ 18,000. ನಮ್ಮ ಮಾರ್ಕ್ಸ್‌ಕಾರ್ಡುಗಳು ಅಸಲಿ ಎಂದು ಜರ್ಮನ್ನರು ಪರೀಕ್ಷಿಸಿ ಕೊಡುವ ಕಾಗದ ಇದು. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಇದಿಲ್ಲದೆ ವೀಸಾ ಅರ್ಜಿಯೇ ಇಲ್ಲ. ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ಅರ್ಜಿ ಹಾಕಲು ಮೊದಲನೆಯದಕ್ಕೆ 75 ಯೂರೋ, ಆಮೇಲಿನ ಒಂದೊಂದಕ್ಕೂ 30. ನಾಲ್ಕಕ್ಕೆ ಹಾಕಿದಳು, 165 ಯೂರೋ. ವೀಸಾಕ್ಕೆ ಇನ್ನೊಂದು 75. ಸೀಟು ಸಿಗುವ ಮೊದಲೇ ಅರ್ಧ ಲಕ್ಷ ಕೈಬಿಟ್ಟಿತ್ತು. ಈ ದುಡ್ಡಿಗೆ ಯಾವ ಬ್ಯಾಂಕೂ ಮೊದಲೇ ಸಾಲ ಕೊಡುವುದಿಲ್ಲ. ಅವಳ ಟ್ರೈನಿ ಸಂಬಳ ಇಲ್ಲಿಗೆ ಸರಿಹೋಯಿತು, ಅದೇ ಸಮಾಧಾನ.

ದೊಡ್ಡ ಮೊತ್ತ ಒಂದೇ, ಬ್ಲಾಕ್ಡ್ ಅಕೌಂಟ್. ಒಂದು ವರ್ಷದ ಊಟ-ವಸತಿಯ ಹಣವನ್ನು ಮೊದಲೇ ಜರ್ಮನಿಯ ಖಾತೆಗೆ ಹಾಕಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗಿಷ್ಟು ಅಂತ ಬಿಡುಗಡೆ ಮಾಡುತ್ತಾರೆ. ಷೋ ಮನಿಯ ಆಟ ಇಲ್ಲಿ ನಡೆಯದು, ನನಗೆ ಈ ಪದ್ಧತಿ ಹಿಡಿಸಿದ್ದೂ ಅದಕ್ಕೇ. 2024ರ ಆಗಸ್ಟ್ ಕೊನೆಯವರೆಗೆ ವೀಸಾ ಅರ್ಜಿ ಕೊಟ್ಟವರಿಗೆ ಆ ಮೊತ್ತ 11,208 ಯೂರೋ, ಸೆಪ್ಟೆಂಬರ್ 1ರಿಂದ 11,904. ಒಂದು ತಾರೀಖಿನ ಆಚೆ-ಈಚೆಗೆ 696 ಯೂರೋ, ಆಗಿನ ದರದಲ್ಲಿ 63 ಸಾವಿರ ರೂಪಾಯಿ ಹೆಚ್ಚುಕಡಿಮೆ. ನಾವು ಈಚೆ ದಡದಲ್ಲಿ ಉಳಿದದ್ದು ಕೂದಲೆಳೆಯಲ್ಲಿ. ಯಾಕೆಂದರೆ ಅಷ್ಟರಲ್ಲಿ ನಾವು ಬ್ಯಾಂಕಿನ ಬಾಗಿಲಲ್ಲಿ ಐದು ತಿಂಗಳು ಕಳೆದಿದ್ದೆವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರ್ಕಾರಿ ಬ್ಯಾಂಕುಗಳ ಶಿಕ್ಷಣ ಸಾಲದ ಪದ್ಧತಿಯಲ್ಲಿ 4 ಲಕ್ಷದವರೆಗೆ ಯಾವ ಆಧಾರವೂ ಬೇಡ, ಏಳೂವರೆ ಲಕ್ಷದವರೆಗೆ ಒಬ್ಬರ ಜಾಮೀನು, ಅದರ ಮೇಲೆ ಆಸ್ತಿ ಅಡಮಾನ. ವಿದೇಶದ ಓದಾದರೆ ಒಟ್ಟು ಖರ್ಚಿನ ಶೇ. 15ರಷ್ಟನ್ನು ನಾವೇ ಹಾಕಬೇಕು. ನಮಗೆ ಬೇಕಿದ್ದದ್ದು 12 ಲಕ್ಷ. "ನನ್ನ ನಾಲ್ಕು ಎಕರೆ ಗದ್ದಿ ಬರೆದುಕೊಡ್ತೀನಿ, ಚಿಂತಿ ಮಾಡಬ್ಯಾಡ ತಂಗಿ" ಎಂದು ಅಣ್ಣ ಪಹಣಿ ಹಿಡಿದುಕೊಂಡೇ ಬಂದ. ಕಂಪ್ಲಿಯ ನೀರಾವರಿ ಭೂಮಿಯ ಬೆಲೆ ನಮ್ಮ ಮನೆಗಿಂತ ಎಷ್ಟೋ ಪಟ್ಟು. ಬ್ಯಾಂಕಿನವರು ಪಹಣಿ ಮುಟ್ಟಲೇ ಇಲ್ಲ. ಸಾಲ ಮುಳುಗಿದರೆ ಕೋರ್ಟಿಗೆ ಹೋಗದೆ ಆಸ್ತಿ ಹರಾಜು ಹಾಕುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಶಿಕ್ಷಣ ಸಾಲಕ್ಕೆ ಗದ್ದೆಯನ್ನು ಆಧಾರ ಎಂದು ಸಾಮಾನ್ಯವಾಗಿ ಒಪ್ಪುವುದಿಲ್ಲ. ರೈತ ಮನೆಯವರು ಮೊದಲ ದಿನವೇ ತಿಳಿದಿರಬೇಕಾದ ಮಾತು ಇದು. ಅಣ್ಣನಿಗೆ ಅವಮಾನವಾದಂತಾಯಿತು. ಪಹಣಿ ಮಡಚಿ ಜೇಬಿಗಿಟ್ಟು, "ಬೆಳಿಸಾಲಕ್ಕ ಇದ ಬೇಕು, ಓದಾಕ ಬ್ಯಾಡ ಅಂದ್ರ ಹೆಂಗ?" ಎಂದ. ಮ್ಯಾನೇಜರು ನೀರು ತರಿಸಿಕೊಟ್ಟರು.

ಉಳಿದದ್ದು ಪಟೇಲ್ ನಗರದ ನಮ್ಮ ಮನೆ. ಅದು ನಮ್ಮದೇ, ಇಪ್ಪತ್ತೈದು ವರ್ಷದಿಂದ ಅಲ್ಲೇ ಇದ್ದೇವೆ, ಕಂದಾಯ ನಾವೇ ಕಟ್ಟುತ್ತೇವೆ. ಆದರೆ ಖಾತಾ ತೆಗೆದು ನೋಡಿದರೆ 2009ರಲ್ಲಿ ತೀರಿಕೊಂಡ ನಮ್ಮ ಮಾವನವರ ಹೆಸರಿನಲ್ಲಿದೆ. ಮನೆಯವರ ಹೆಸರಿಗೆ ಬರಬೇಕೆಂದರೆ ನಾಡಕಚೇರಿಯಿಂದ ವಂಶವೃಕ್ಷ, ಮರಣ ಪ್ರಮಾಣಪತ್ರ, ಗಂಗಾವತಿಯಲ್ಲಿರುವ ನಾದಿನಿಯಿಂದ ಹಕ್ಕು ಖುಲಾಸೆ ಪತ್ರ, ಅದರ ನೋಂದಣಿ, ಆಮೇಲೆ ಖಾತಾ ಬದಲಾವಣೆ, ಆಮೇಲೆ ಇಸಿ ಎನ್ನುವ ಋಣಭಾರ ಪತ್ರ. ನಾದಿನಿ ಒಳ್ಳೆಯವಳೇ. "ಅಣ್ಣನ ಮಗಳು ಓದ್ತಾಳಂದ್ರ ಸೈನ್ ಮಾಡಾಕ ನನಗೇನು ವೈನಿ, ಮಗನ ಮದಿವಿ ಒಂದು ಮುಗೀಲಿ" ಎಂದಳು. ಮದುವೆ ಏಪ್ರಿಲ್‌ನಲ್ಲಿ. ಮದುವೆ ಮುಗಿದು ಅವಳು ಬಂದು ಸಹಿ ಹಾಕಿದ ಮೇಲೆ ಇನ್ನೊಂದು ಫಜೀತಿ: ಮೂಲಪತ್ರದಲ್ಲಿ ಮಾವನವರ ಹೆಸರಿನ ಹಿಂದೆ ಇನಿಷಿಯಲ್ ಇದೆ, ಮರಣ ಪತ್ರದಲ್ಲಿ ಇಲ್ಲ. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್. ಸತ್ತ ಹದಿನೈದು ವರ್ಷದ ಮೇಲೆ ಮಾವನವರು ತಾವು ತಾವೇ ಎಂದು ರುಜುವಾತು ಮಾಡಬೇಕಾಯಿತು. ಬ್ಯಾಂಕಿನ ವಕೀಲರ ಅಭಿಪ್ರಾಯ, ಮನೆಯ ಬೆಲೆಕಟ್ಟುವವರ ವರದಿ ಎಲ್ಲ ಆಗಿ ಸಾಲ ಮಂಜೂರಾದಾಗ ಜುಲೈ ಹುಟ್ಟಿತ್ತು. ಫೆಬ್ರುವರಿಯಲ್ಲಿ ಕೊಟ್ಟ ಅರ್ಜಿ ಅದು.

ಆಧಾರ ಕೇಳದೆ ಬೇಗ ಸಾಲ ಕೊಡುವ ಖಾಸಗಿ ಹಣಕಾಸು ಸಂಸ್ಥೆಗಳೂ ಇವೆ. ಬಡ್ಡಿ ಹೆಚ್ಚು, ಪ್ರೋಸೆಸಿಂಗ್ ಫೀ ಬೇರೆ, ಬಹಳ ಕಡೆ ಬಡ್ಡಿ ಕಟ್ಟುವುದು ಮುಂದಿನ ತಿಂಗಳೇ ಶುರು. ಬೇರೆ ದಾರಿ ಇಲ್ಲದವರಿಗೆ ಅದೂ ಒಂದು ದಾರಿ, ಆದರೆ ಮೊದಲು ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿ ನೋಡಿ. 2015ರಿಂದ ಇದೆ, ಒಂದೇ ಅರ್ಜಿಯಲ್ಲಿ ಮೂರು ಬ್ಯಾಂಕುಗಳಿಗೆ ಕೇಳಬಹುದು. ಕೈಯಲ್ಲಿ ಅರ್ಜಿ ಸಂಖ್ಯೆ ಇದ್ದರೆ ಬ್ಯಾಂಕಿನಲ್ಲಿ ನಿಮ್ಮ ಮಾತಿಗೆ ಸ್ವಲ್ಪ ತೂಕ ಬರುತ್ತದೆ.

ಜುಲೈನಲ್ಲಿ ಯೂರೋಗೆ 91 ರೂಪಾಯಿಯಂತೆ 10,20,000 ಜರ್ಮನಿಯ ಖಾತೆಗೆ ಹೋಯಿತು. ಆಗ ವರ್ಷಕ್ಕೆ 7 ಲಕ್ಷದ ಮೇಲೆ ಹೊರದೇಶಕ್ಕೆ ಓದಿಗೆ ಕಳಿಸಿದರೆ ಟಿಸಿಎಸ್ ಎಂದು ತೆರಿಗೆ ಮುರಿದುಕೊಳ್ಳುತ್ತಿದ್ದರು: ಸ್ವಂತ ಹಣವಾದರೆ ಶೇ. 5, ಬ್ಯಾಂಕ್ ಸಾಲವಾದರೆ ಶೇ. ಅರ್ಧ. ಅದೇ ಮೊತ್ತಕ್ಕೆ ಒಂದು ಕಡೆ 16,000, ಇನ್ನೊಂದು ಕಡೆ 1,600. ರಿಟರ್ನ್ಸ್ ಸಲ್ಲಿಸಿದರೆ ವಾಪಸ್ ಬರುವ ಹಣವೇ, ಆದರೆ ಬೇಕಾದಾಗ ಕೈಯಲ್ಲಿ ಇರುವುದಿಲ್ಲವಲ್ಲ. 2025ರ ಏಪ್ರಿಲ್‌ನಿಂದ ಸಾಲದ ಹಣಕ್ಕೆ ಈ ಕಡಿತ ಪೂರಾ ಹೋಗಿದೆ, ಸ್ವಂತ ಹಣಕ್ಕೂ ಮಿತಿ 10 ಲಕ್ಷಕ್ಕೆ ಏರಿದೆ.

ಆಗಸ್ಟ್ ಮೊದಲ ವಾರ ಮಗಳು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಿ ವೀಸಾ ಫೈಲು ಕೊಟ್ಟು ಬಂದಳು. ಇನ್ನು ಉಳಿದದ್ದು ಹಾಸ್ಟೆಲ್ ಕೋಣೆಯ ಡಿಪಾಸಿಟ್ಟು, ಸೆಮಿಸ್ಟರ್ ವಂತಿಗೆ. ಎಲ್ಲ ಸೇರಿ ಒಂದು ಲಕ್ಷ, 20ನೇ ತಾರೀಖಿನ ಒಳಗೆ. ಅದನ್ನು ಕೊಡುತ್ತೇನೆಂದು ಮಾತು ಕೊಟ್ಟಿದ್ದವನು ಅಣ್ಣ. ಹಿಂದಿನ ವರ್ಷದ ಬರದಲ್ಲಿ ಅವನಿಗೆ ಎರಡನೇ ಬೆಳೆ ಕೈಗೆ ಹತ್ತಿರಲಿಲ್ಲ. ಈ ಸಲ ಡ್ಯಾಮು ತುಂಬಿತ್ತು, ನಾಟಿ ಆಗಿತ್ತು. ಬರುವ ಬೆಳೆಯ ಮೇಲೆ ದಲಾಲಿ ಅಂಗಡಿಯಲ್ಲಿ ಮುಂಗಡ ಕೇಳಿಟ್ಟಿದ್ದ. ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತು. ಬೆಳಗಾಗುವುದರೊಳಗೆ ಊರೆಲ್ಲ ಡ್ಯಾಮಿನ ಕಡೆ. ಆ ಗೇಟು ಕೂರಿಸಲು ಇರುವ ನೀರನ್ನೇ ಹೊಳೆಗೆ ಬಿಟ್ಟು ಮಟ್ಟ ಇಳಿಸಬೇಕು ಎಂದರು. ಅಣ್ಣ ಫೋನ್ ಮಾಡಿದ. ಬಹಳ ಹೊತ್ತು ಸುಮ್ಮನಿದ್ದು, "ದಲಾಲಿ ಸಾವ್ಕಾರ ಗೇಟು ಕುಂದ್ರಾತನಕ ಒಂದು ರೂಪಾಯಿ ಬಿಚ್ಚಲ್ಲ ಅಂತಾನ" ಎಂದ. ಜಗತ್ತಿನ ಯಾವ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಇದನ್ನು ಕಾರಣ ಎಂದು ಬರೆದು ಕಳಿಸುವುದು?

ಆ ವಾರ ನಾನು ಡ್ಯಾಮಿನ ಸುದ್ದಿಯನ್ನು ಷೇರುಪೇಟೆಯವರು ಟಿವಿ ನೋಡುವ ಹಾಗೆ ನೋಡಿದೆ. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿದರು. ವಾರದೊಳಗೆ ನೀರು ನಿಂತಿತು. 19ರ ಬೆಳಿಗ್ಗೆ ಅಣ್ಣ ಬೈಕಿನಲ್ಲಿ ಬಂದು ದುಡ್ಡು ಕೊಟ್ಟು, ಮಂಡಕ್ಕಿ ಒಗ್ಗರಣೆ ತಿಂದು ಹೋದ. ಒಂದು ದಿನ ಮೊದಲು. ಅಂದಿನಿಂದ ಯಾರಿಗೆ ಹೇಳುವಾಗಲೂ ಎರಡು ಲಕ್ಷ ಬ್ಯಾಂಕಿನಲ್ಲೇ ಇಟ್ಟುಕೊಳ್ಳಿ ಎನ್ನುತ್ತೇನೆ, ಬರುವ ಬೆಳೆಯಲ್ಲಿ ಇಡಬೇಡಿ.

ಸಾಲದ ಇನ್ನೊಂದು ಮುಖ ಬಹಳ ಜನಕ್ಕೆ ಗೊತ್ತಿಲ್ಲ. ಲಾರಿ ಸಾಲದ ಹಾಗೆ ಮರು ತಿಂಗಳೇ ಕಂತು ಶುರುವಾಗುವುದಿಲ್ಲ. ಕೋರ್ಸಿನ ಎರಡು ವರ್ಷ ಮತ್ತು ಆಮೇಲೆ ಒಂದು ವರ್ಷ ರಜೆ. ರಜೆ ಕಂತಿಗೆ, ಬಡ್ಡಿಗೆ ಅಲ್ಲ. 12 ಲಕ್ಷಕ್ಕೆ ಹತ್ತೂವರೆ ಬಡ್ಡಿಯಂತೆ ತಿಂಗಳಿಗೆ 10,500. ಮೂರು ವರ್ಷ ಮುಟ್ಟದೆ ಬಿಟ್ಟರೆ 3,78,000 ಅಸಲಿಗೆ ಸೇರಿ ಸಾಲ 15,78,000 ಆಗುತ್ತದೆ. ಹತ್ತು ವರ್ಷದ ಕಂತು ಆಗ ಸುಮಾರು 21,300. ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿಕೊಂಡು ಹೋದರೆ 16,200. ತಿಂಗಳಿಗೆ 5,100ರ ವ್ಯತ್ಯಾಸ, ಹತ್ತು ವರ್ಷಕ್ಕೆ ಆರು ಲಕ್ಷದ ಮೇಲೆ. ಈ ಲೆಕ್ಕ ತೋರಿಸಿದ ಮೇಲೆ ನಮ್ಮ ಮನೆಯವರು ಏನೂ ಮಾತಾಡಲಿಲ್ಲ. ಮರುತಿಂಗಳ 5ನೇ ತಾರೀಖು ಅಂಗಡಿಯ ಗಲ್ಲಾದಿಂದ 10,500 ಎಣಿಸಿ ಮೇಜಿನ ಮೇಲಿಟ್ಟರು. ಅಂದಿನಿಂದ ಒಂದು ತಿಂಗಳೂ ತಪ್ಪಿಸಿಲ್ಲ. ಹೀಗೆ ಕಟ್ಟಿದ ಬಡ್ಡಿಗೆ 80ಇ ಕಲಮಿನಡಿ ಎಂಟು ವರ್ಷ ಆದಾಯ ತೆರಿಗೆ ವಿನಾಯಿತಿ ಇದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಸಾಲಕ್ಕಿಂತ ಮೊದಲು ವಿದ್ಯಾರ್ಥಿವೇತನ ನೋಡಬೇಕಿತ್ತು. ನಾವು ನೋಡಿದ್ದು ತಡವಾಗಿ. ಯುರೋಪಿನ ಎರಾಸ್ಮಸ್ ಮುಂಡಸ್ ಸಿಕ್ಕರೆ ಫೀಸು ಮಾಫಿ, ಮೇಲೆ ತಿಂಗಳಿಗೆ 1,400 ಯೂರೋ. ಅರ್ಜಿಗಳು ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿ ಒಳಗೆ, ಅಂದರೆ ಹೋಗುವುದಕ್ಕೆ ಹತ್ತು ತಿಂಗಳು ಮೊದಲು. ಜೆ.ಎನ್. ಟಾಟಾ ದತ್ತಿ 1892ರಿಂದ ಹೊರದೇಶದ ಓದಿಗೆ ಸಾಲರೂಪದ ವೇತನ ಕೊಡುತ್ತಿದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ರಾಜ್ಯದ 'ಪ್ರಬುದ್ಧ' ಯೋಜನೆ ಇದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಇಲಾಖೆ, ನಿಗಮಗಳಲ್ಲೂ ವಿದೇಶ ವ್ಯಾಸಂಗಕ್ಕೆ ನೆರವಿದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ವರ್ಷಕ್ಕೆ 125 ಮಂದಿಗೆ. ಪರಿಶಿಷ್ಟ ಜಾತಿಯವರು, ಅಲೆಮಾರಿಗಳು, ಭೂಮಿಯಿಲ್ಲದ ಕೂಲಿಕಾರರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ, ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ. ಸಂಡೂರಿನ ತಾಂಡಾಗಳ ಮಕ್ಕಳಿಗೆ ಇದಕ್ಕಿಂತ ದೊಡ್ಡ ಬಾಗಿಲು ಇಲ್ಲ. ಒಂದು ಮಾತ್ರ ನನಗೆ ಅರಗುವುದಿಲ್ಲ. 2022ರಲ್ಲಿ ನಿಯಮ ತಿದ್ದಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಕುರಿತ ಅಧ್ಯಯನಕ್ಕೆ ಈ ಹಣ ಇಲ್ಲ ಎಂದು ಮಾಡಿದ್ದಾರೆ. ಮಿಷಿಗನ್ನಿನ ಹುಡುಗಿ ಹಂಪಿಯ ಬಗ್ಗೆ ಓದಲು ತನ್ನ ವಿಶ್ವವಿದ್ಯಾಲಯದ ಖರ್ಚಿನಲ್ಲಿ ಇಲ್ಲಿಗೆ ಬರಬಹುದು. ಕಮಲಾಪುರದ ಹುಡುಗ ಹಂಪಿಯನ್ನೇ ಓದುತ್ತೇನೆಂದು ಈ ಹಣದಲ್ಲಿ ಅಲ್ಲಿಗೆ ಹೋಗುವಂತಿಲ್ಲ. ನಮ್ಮಪ್ಪ ಇದ್ದಿದ್ದರೆ ಇದಕ್ಕೂ ಒಂದು ಪ್ರಶ್ನೆ ಕೇಳುತ್ತಿದ್ದರು.

ಮಗಳು ಸೆಪ್ಟೆಂಬರ್ ಕೊನೆಗೆ ಹೋದಳು. ಅಲ್ಲಿ ಮೊದಲು ಕಳಿಸಿದ ಫೋಟೋ ಕಾರ್ಲ್ ಮಾರ್ಕ್ಸ್‌ನ ದೊಡ್ಡ ತಲೆಯದು. ಊರ ನಡುವೆ ಏಳು ಮೀಟರಿನ ಬರೀ ತಲೆ. ನಮ್ಮ ಮನೆಯವರು ಅದನ್ನು ನೋಡಿ "ಹೆಚ್ಚುಕಡಿಮೆ ನಮ್ಮ ಹಂಪಿಯ ಉಗ್ರನರಸಿಂಹನಷ್ಟೇ" ಎಂದು ಸಮಾಧಾನಪಟ್ಟರು. ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 934 ಯೂರೋ ಬರುತ್ತಿತ್ತು, ಕೋಣೆ, ವಿಮೆ, ಅಕ್ಕಿಬೇಳೆಗೆ ಸರಿಯಾಗಿ. ಅಲ್ಲಿ ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ದುಡಿಯಲು ಬಿಡುತ್ತಾರೆ, ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೋ. ಇದನ್ನು ಕೇಳಿದ ಅಪ್ಪ-ಅಮ್ಮಂದಿರು ಕೂಡಲೇ ಗುಣಾಕಾರ ಶುರು ಮಾಡುತ್ತಾರೆ. ಮಾಡಬೇಡಿ. ನಮ್ಮವಳಿಗೆ ಮೊದಲ ಕೆಲಸ ಸಿಕ್ಕಿದ್ದು ಆರು ತಿಂಗಳ ಮೇಲೆ, ಜರ್ಮನ್ ಭಾಷೆ ನಾಲ್ಕು ಮಾತು ಬಂದ ಮೇಲೆ, ಗೋದಾಮಿನಲ್ಲಿ ಡಬ್ಬಿ ಕಟ್ಟುವುದು. ಈಗ ವಿಭಾಗದ ಪ್ರಯೋಗಾಲಯದಲ್ಲೇ ಸಹಾಯಕಿ. ಎರಡನೇ ವರ್ಷದ ಖರ್ಚು ಅವಳೇ ನೋಡಿಕೊಂಡಳು, ಮೊದಲ ವರ್ಷವೇ ಹಾಗಾಗುತ್ತೆ ಎಂದು ನಂಬಿದ್ದರೆ ಹಸಿವಿನಲ್ಲಿ ಓದಬೇಕಿತ್ತು.

ಯೂರೋ 2025ರಲ್ಲಿ 100 ರೂಪಾಯಿ ದಾಟಿತು. 100 ಎಂದೇ ಹಿಡಿದರೂ 11,904 ಯೂರೋಗೆ 11,90,400. ನಾವು ಕೊಟ್ಟದ್ದಕ್ಕಿಂತ ಒಂದು ಲಕ್ಷ ಎಪ್ಪತ್ತು ಸಾವಿರ ಹೆಚ್ಚು. ನೋಟ್‌ಬುಕ್ ಒಯ್ಯುವವರಿಗೆ ನಾನು ಆ ಪುಟದ ಪಕ್ಕ ಪೆನ್ಸಿಲಿನಲ್ಲಿ ಹೊಸ ದರ ಬರೆದುಕೊಡುತ್ತೇನೆ, ಅಳಿಸಿ ಮತ್ತೆ ಬರೆಯಲು ಬರುವ ಹಾಗೆ.

ಕಂಪ್ಲಿಯ ರೈತರು ಮೊನ್ನೆ ನೋಟ್‌ಬುಕ್ ವಾಪಸ್ ತಂದರು. ಮಗ ಡಿಗ್ರಿ ಎರಡನೇ ವರ್ಷ. "ಇನ್ನೂ ಟೈಮ್ ಐತಲ್ಲ ಟೀಚರ್, ಈಗ್ಲೇ ಏನು ಮಾಡ್ಲಿ?" ಎಂದರು. ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವ ಮಗ ಅಥವಾ ಮಗಳು ಇದ್ದರೆ, ಹೊರಗೆ ಓದುವ ಮಾತು ಒಂದು ಸಲವಾದರೂ ಬಂದಿದ್ದರೆ, ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬೀರು ತೆಗೆದು ಮನೆಯ ಖಾತಾ ಯಾರ ಹೆಸರಿನಲ್ಲಿದೆ ಎಂದು ಇವತ್ತೇ ನೋಡಿ.